‘ಕನ್ನಡ ಕಲಿ’ ಅಂತ ಗದರಿದ್ದಾಯ್ತು, ಕಲಿಸೋರು ಯಾರು?

ಕನ್ನಡದ ತಮ್ಮಂದಿರೇ, ತಂಗಿಯರೇ,

ಶನಿವಾರ ರಾತ್ರಿ ಬೆಂಗಳೂರು ಬಿಟ್ಟು, ಬೈಕಿಗೆ ಹಳದಿ-ಕೆಂಪು ಬಾವುಟ ಕಟ್ಟಿಕೊಂಡು, ಭಾನುವಾರ ಬೆಳಗ್ಗೆ ಮೂಡಿಗೆರೆ ದಾಟಿ ನೀವು ನಮ್ಮ ದೇವರಮನೆ ಹತ್ತುತ್ತೀರಿ. ಬನ್ನಿ, ಬೇಡ ಅಂದವರಾರು? ಕಾಲಭೈರವೇಶ್ವರನಿಗೆ ಕೈ ಮುಗಿಯಿರಿ, ಮಂಜಿನಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳಿ, ಖಾಲಿ ಬಾಟಲಿಗಳನ್ನು ಮಾತ್ರ ವಾಪಸ್ ತೆಗೆದುಕೊಂಡು ಹೋಗಿ. ಆದರೆ ಇವತ್ತಿನ ನನ್ನ ತಕರಾರು ಬಾಟಲಿಯದ್ದಲ್ಲ.

ಕಳೆದ ಕಾಫಿ ಕುಯ್ಲಿನ ಹೊತ್ತಿನಲ್ಲಿ ಆ ರಸ್ತೆಯಲ್ಲೇ ನಡೆದದ್ದು ಹೇಳುತ್ತೇನೆ. ಒಂದು ಎಸ್ಟೇಟಿಗೆ ಚೆಕ್‌ರೋಲ್ ಪುಸ್ತಕ ತಲುಪಿಸಿ ವಾಪಸ್ ಬರುತ್ತಿದ್ದೆ. ನಾಲ್ಕೈದು ಹುಡುಗರು ಒಬ್ಬ ಹೆಂಗಸನ್ನು ನಿಲ್ಲಿಸಿ ದಾರಿ ಕೇಳುತ್ತಿದ್ದರು. ಕೇಳಿದ್ದು ಕನ್ನಡದಲ್ಲಿ. ಅವಳು ಹಿಂದಿಯಲ್ಲಿ ಏನೋ ಅಂದಳು. ಅಷ್ಟಕ್ಕೇ ಒಬ್ಬನಿಗೆ ರೋಷ ಬಂತು. ‘ತಿನ್ನೋದು ಕರ್ನಾಟಕದ ಅನ್ನ, ಆಡೋದು ಹಿಂದಿಯಾ? ಕನ್ನಡ ಕಲಿ!’ ಇನ್ನೊಬ್ಬ ಮೊಬೈಲ್ ಎತ್ತಿ ವಿಡಿಯೋ ಶುರು ಮಾಡಿದ. ಹೆಂಗಸು ಕುಯ್ಲಿನ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಹಿಂದಿನಿಂದ ಏಳೆಂಟು ವರ್ಷದ ಹುಡುಗಿಯೊಂದು ಮುಂದೆ ಬಂದು, ‘ಅಮ್ಮಂಗೆ ಬರಲ್ಲ ಅಣ್ಣ. ನಂಗೆ ಬರುತ್ತೆ. ಎಂತ ಬೇಕಿತ್ತು?’ ಅಂದಳು.

ಎಂತ ಬೇಕಿತ್ತು! ಅಪ್ಪಟ ಮೂಡಿಗೆರೆ ಕನ್ನಡ, ಮಾರಾಯ್ರೆ! ವಿಡಿಯೋ ನಿಂತಿತು. ಹುಡುಗರು ಕೆಟ್ಟವರೇನಲ್ಲ, ತಲೆ ಕೆರೆದುಕೊಂಡು ದಾರಿ ಕೇಳಿ ಹೊರಟರು. ಆದರೆ ಒಂದು ಪ್ರಶ್ನೆ ಮಾತ್ರ ಅವರಲ್ಲಿ ಒಬ್ಬನೂ ಕೇಳಲಿಲ್ಲ. ಒಂದೇ ಲೈನ್ ಮನೆಯಲ್ಲಿ ಮಲಗುವ ತಾಯಿಗೆ ಕನ್ನಡ ಬರಲಿಲ್ಲ, ಮಗಳಿಗೆ ಬಂತು. ಯಾಕೆ?

ನಾನು ಕೇಳಿದೆ. ಮಗಳು ಸರ್ಕಾರಿ ಶಾಲೆಗೆ ಹೋಗುತ್ತಾಳೆ. ತಾಯಿಗೆ ಕನ್ನಡ ಕಲಿಸಿದ್ದು ತೋಟದ ಮೇಸ್ತ್ರಿಯ ಗಂಟಲು. ಆ ಗಂಟಲಿನಿಂದ ಅವಳಿಗೆ ಬಂದಿರುವ ಕನ್ನಡ ಎಷ್ಟು? ಬಾ, ಹೋಗು, ಬೇಗ, ತಗೋ, ಕೂತ್ಕೋಬೇಡ. ಐದು ಮಾತು, ಐದೂ ಅಪ್ಪಣೆ. ಇಲ್ಲಿ ಇನ್ನೊಂದು ತಮಾಷೆ ಇದೆ. ಹೀಗೆ ಕಲಿತವರು ಆ ಕನ್ನಡವನ್ನೇ ತಿರುಗಿ ಆಡುತ್ತಾರೆ. ಕಿರಾಣಿ ಅಂಗಡಿಯ ಹಿರಿಯರಿಗೆ ‘ಅಕ್ಕಿ ಕೊಡು, ಬೇಗ’ ಅನ್ನುತ್ತಾರೆ. ಅವರಿಗೆ ಸಿಟ್ಟು. ‘ನೋಡಿ, ಬಂದವರಿಗೆ ಮರ್ಯಾದೆಯೇ ಇಲ್ಲ!’ ಸ್ವಾಮಿ, ‘ಕೊಡಿ’ ಅನ್ನುವ ಕನ್ನಡವನ್ನು ನಾವು ಯಾರೂ ಅವರ ಎದುರು ಆಡಿಯೇ ಇಲ್ಲ. ನಾವು ಕೊಟ್ಟ ಕನ್ನಡ ನಮಗೇ ವಾಪಸ್ ಬಂದಾಗ ಕಹಿ ಯಾಕೆ?

ಆ ಹೆಂಗಸು ಜಾರ್ಖಂಡಿನವಳು. ಹಿಂದಿ ಅವಳ ತಾಯ್ನುಡಿ ಅಂದುಕೊಂಡಿರಾ? ಅಲ್ಲ. ಅವಳು ಒರಾಂವ್ ಬುಡಕಟ್ಟಿನವಳು, ಮನೆಯ ಮಾತು ಕುರುಖ್. ಈ ಕುರುಖ್ ಇದೆಯಲ್ಲ, ಅದು ನಮ್ಮ ಕನ್ನಡ, ತುಳು, ತಮಿಳು, ತೆಲುಗುಗಳ ಹಾಗೆ ದ್ರಾವಿಡ ಬಳಗದ್ದು. ನಾವು ‘ನೀನು’ ಅನ್ನುವ ಕಡೆ ಅವರೂ ‘ನೀನ್’ ಅನ್ನುತ್ತಾರೆ. ಆ ಭಾಷೆಯ ತಲೆಯ ಮೇಲೆ ಶಾಲೆ, ಕಚೇರಿ, ಸಂತೆಗಳ ಹಿಂದಿ ಕೂತಿದೆ. ಹಿಂದಿ ಹೇರಿಕೆಯ ವಿರುದ್ಧ ಘೋಷಣೆ ಕೂಗುವ ನಾವು, ಹೇರಿಸಿಕೊಂಡು ಬಂದ ದೂರದ ನೆಂಟಳನ್ನು ರಸ್ತೆಯಲ್ಲಿ ನಿಲ್ಲಿಸಿ ಗದರಿದೆವು!

ನಾನು ಹೋರಾಟದ ವಿರೋಧಿಯಲ್ಲ. ಹೋರಾಟ ಇಲ್ಲದಿದ್ದರೆ ಕನ್ನಡಕ್ಕೆ ಶಾಲೆಯಲ್ಲಿ ಬೆಂಚೂ ಸಿಗುತ್ತಿರಲಿಲ್ಲ. 1982ರಲ್ಲಿ ಗೋಕಾಕ್ ವರದಿಗಾಗಿ ಡಾ. ರಾಜಕುಮಾರ್ ಬೀದಿಗೆ ಇಳಿದರು, ನಾಡೇ ಎದ್ದಿತು. 2014ರಲ್ಲಿ ಸುಪ್ರೀಂ ಕೋರ್ಟು, ತಾಯ್ನುಡಿಯಲ್ಲೇ ಕಲಿಸಿ ಅಂತ ಸರ್ಕಾರ ಖಾಸಗಿ ಶಾಲೆಗಳನ್ನು ಕಟ್ಟಿಹಾಕುವ ಹಾಗಿಲ್ಲ ಅಂದಿತು. ಮಾಧ್ಯಮದ ಬಾಗಿಲು ಮುಚ್ಚಿತು. 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂತು. ಯಾವ ಪಠ್ಯಕ್ರಮದ ಶಾಲೆಯಾದರೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು ಅಂತಾಯಿತು. ಆಮೇಲೆ ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂಬ ಹೋರಾಟ, 2024ರಲ್ಲಿ ಅದಕ್ಕೆ ತಿದ್ದುಪಡಿ ಕಾಯ್ದೆ. ನಿಜ ಹೇಳುತ್ತೇನೆ, ಆ ಬೋರ್ಡಿನ ಕಾನೂನಿನಿಂದ ನನ್ನ ಪ್ರೆಸ್ಸಿಗೆ ನಾಲ್ಕು ಕಾಸು ಬಂತು. ಫ್ಲೆಕ್ಸ್ ಮೇಲೆ ಫ್ಲೆಕ್ಸ್. ಹೋರಾಟಗಾರರಿಗೆ ನನ್ನ ವೈಯಕ್ತಿಕ ಧನ್ಯವಾದ.

ಆದರೆ ಆ ಬೋರ್ಡುಗಳ ಪ್ರೂಫ್ ನೋಡಲು ಬಂದವರನ್ನು ನೀವು ನೋಡಬೇಕಿತ್ತು. ಅಪ್ಪಟ ಕನ್ನಡಿಗರ ಮನೆ. ಅಪ್ಪ ಮಗನ ಕೈಗೆ ಪ್ರೂಫ್ ಕೊಟ್ಟು ‘ನೋಡೋ, ಸರಿ ಇದೆಯಾ’ ಅನ್ನುತ್ತಾನೆ. ಕಾಲೇಜು ಓದುವ ಮಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ ‘ಅಂಕಲ್, ಇಂಗ್ಲಿಷ್ ಸ್ಪೆಲಿಂಗ್ ಸರಿ ಇದೆ’ ಅನ್ನುತ್ತಾನೆ. ಕನ್ನಡದಲ್ಲಿ ಜೋಕು ಹೊಡೆಯುತ್ತಾನೆ, ಜಗಳ ಆಡುತ್ತಾನೆ, ಸಿನಿಮಾ ಡೈಲಾಗು ಉದುರಿಸುತ್ತಾನೆ. ಒತ್ತಕ್ಷರ ಬಂದರೆ ಮುಗ್ಗರಿಸುತ್ತಾನೆ. ಅವನೂ ಹತ್ತು ವರ್ಷ ಕನ್ನಡ ಪೀರಿಯಡ್ಡಿನಲ್ಲಿ ಕೂತವನೇ. ಕಾನೂನು ಕನ್ನಡಕ್ಕೆ ಪೀರಿಯಡ್ಡು ಕೊಡಿಸಿತು. ಆ ನಲವತ್ತು ನಿಮಿಷದಲ್ಲಿ ಏನು ನಡೆಯುತ್ತದೆ ಅಂತ ನಾವು ಬಾಗಿಲು ತೆರೆದು ನೋಡಲಿಲ್ಲ.

ಏನು ನಡೆಯುತ್ತದೆ? ಹಲವು ಕಡೆ ನಡೆಯುವುದು ಇಷ್ಟೇ: ಬೋರ್ಡ್ ಮೇಲಿನದ್ದನ್ನು ಕಾಪಿ ಮಾಡಿ, ತಪ್ಪಿದ್ದನ್ನು ಹತ್ತು ಸಲ ಬರೆಯಿರಿ, ಪ್ರಶ್ನೋತ್ತರ ಬಾಯಿಪಾಠ ಮಾಡಿ. ಮನೆಯಲ್ಲಿ ಕನ್ನಡ ಆಡುವ ಮಗುವಿಗೂ ಇದೇ, ಆಡದ ಮಗುವಿಗೂ ಇದೇ. ಪಠ್ಯಪುಸ್ತಕದಲ್ಲಿ ಸರ್ಕಾರ ಭೇದ ಮಾಡಿದೆ. ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆಗೆ ‘ಸಿರಿ ಕನ್ನಡ’, ದ್ವಿತೀಯಕ್ಕೆ ‘ತಿಳಿ ಕನ್ನಡ’, ತೃತೀಯಕ್ಕೆ ‘ನುಡಿ ಕನ್ನಡ’. ಪುಸ್ತಕ ಮೂರು ಆಯಿತು. ಕಲಿಸುವ ರೀತಿ?

ನನ್ನದೇ ಕತೆ ಹೇಳಿದರೆ ನಿಮಗೆ ಅರ್ಥವಾದೀತು. ಶಾಲೆಯಲ್ಲಿ ನಾನು ದಡ್ಡ. ಅ, ಆ, ಇ, ಈ ಕ್ರಮವಾಗಿ ಒಪ್ಪಿಸುವಾಗ ನಡುವೆ ತಪ್ಪುತ್ತಿದ್ದೆ, ಅಂಗೈಗೆ ಬೆತ್ತ ಬೀಳುತ್ತಿತ್ತು. ಸಂಜೆ ಅಪ್ಪನ ಪ್ರೆಸ್ಸು. ಆಗಿನ್ನೂ ಟ್ರೆಡಲ್ ಕಾಲ, ಮೊಳೆ ಜೋಡಿಸುವ ಕಾಲ. ಅಚ್ಚುಮೊಳೆಯ ಕೇಸಿನಲ್ಲಿ ಅಕ್ಷರಗಳು ಅ ಆ ಇ ಈ ಅಂತ ಸಾಲಾಗಿ ಕೂತಿರುವುದಿಲ್ಲ. ಹೆಚ್ಚು ಬೇಕಾಗುವ ಅಕ್ಷರ ಕೈಗೆ ಹತ್ತಿರ, ದೊಡ್ಡ ಮನೆಯಲ್ಲಿ. ಝ, ಛ, ಠ ಎಲ್ಲೋ ಮೂಲೆಯಲ್ಲಿ. ಙ, ಞ ಎರಡಂತೂ ಧೂಳು ತಿನ್ನುತ್ತಾ ಬಿದ್ದಿರುತ್ತಿದ್ದವು. ಅಪ್ಪ ನನಗೆ ವರ್ಣಮಾಲೆ ಕೇಳಲೇ ಇಲ್ಲ. ‘ರ ಕೊಡು, ದ ಕೊಡು, ಅದಕ್ಕೊಂದು ಒತ್ತು ಕೊಡು’ ಅಂದ. ಮದುವೆ ಕಾರ್ಡಿನಲ್ಲಿ ಹುಡುಗಿಯ ಹೆಸರಿನ ಒಂದು ಒತ್ತು ತಪ್ಪಿದರೆ ಇನ್ನೂರು ಕಾರ್ಡು ಒಲೆಗೆ. ಮೂರು ತಿಂಗಳಲ್ಲಿ ನಾನು ಉಲ್ಟಾ ಅಕ್ಷರವನ್ನೂ ಓದುತ್ತಿದ್ದೆ. ಶಾಲೆಯಲ್ಲಿ ಅದೇ ನಾನು, ಅದೇ ಅಕ್ಷರ. ಅಲ್ಲಿ ಅಕ್ಷರಕ್ಕೆ ಕೆಲಸ ಇರಲಿಲ್ಲ, ಇಲ್ಲಿ ಇತ್ತು.

ನಮ್ಮ ಅಪ್ಪನ ಕೇಸಿನ ಬುದ್ಧಿಯನ್ನೇ ಸರ್ಕಾರಿ ಶಾಲೆಯ ಮೇಷ್ಟ್ರುಗಳೂ ಕಂಡುಕೊಂಡಿದ್ದರು ಅಂತ ನನಗೆ ಬಹಳ ತಡವಾಗಿ ಗೊತ್ತಾಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ಹಳ್ಳಿ ಮಕ್ಕಳಿಗೆ ಕಾರ್ಡುಗಳಲ್ಲಿ ಕಲಿಸುವುದನ್ನು ನೋಡಿ ಬಂದರು. ಯುನಿಸೆಫ್ ಬೆಂಬಲಕ್ಕೆ ನಿಂತಿತು. ಹುಟ್ಟಿದ್ದು ‘ನಲಿ-ಕಲಿ’. 2009-10ರಲ್ಲಿ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವಿಸ್ತರಿಸಿದರು.

ನಲಿ-ಕಲಿಯಲ್ಲಿ ಮಗು ಮೊದಲು ಕಲಿಯುವ ಅಕ್ಷರ ಅ, ಆ ಅಲ್ಲ. ರ, ಗ, ಸ, ದ, ಅ. ಯಾಕೆ ಗೊತ್ತಾ? ಅ, ಆ, ಇ, ಈ ನಾಲ್ಕನ್ನು ಕಲಿತ ಮಗು ಅವುಗಳಿಂದ ಯಾವ ಪದ ಕಟ್ಟೀತು? ರ, ಗ, ಸ, ದ, ಅ ಐದು ಬಂದರೆ ಸಾಕು, ಕಾಗುಣಿತದ ಗೊಡವೆಯಿಲ್ಲದೆ ಸರ, ಅರಸ, ಅಗಸ, ಗರಗಸ. ಮೊದಲ ತಿಂಗಳಲ್ಲೇ ಮಗು ‘ಗರಗಸ’ ಓದುತ್ತದೆ! ಅದರ ಮುಖ ನೋಡಬೇಕು ನೀವು ಆಗ. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ, ಗುಂಪು ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಮೇಷ್ಟ್ರು ಪೂರ್ತಿ ಬೇಕು, ಇನ್ನೊಂದಕ್ಕೆ ಅರ್ಧ ಸಾಕು, ಮತ್ತೊಂದಕ್ಕೆ ಜೊತೆಯ ಮಕ್ಕಳೇ ಕಲಿಸುತ್ತಾರೆ, ಕೊನೆಯದ್ದು ತಾನೇ ಕಲಿಯುತ್ತದೆ. ಪ್ರತಿ ಮಗುವಿಗೂ ಏಣಿಯಲ್ಲಿ ತನ್ನದೇ ಮೆಟ್ಟಿಲು.

ಈ ಮೆಟ್ಟಿಲಿನ ಮಾತು ಕಾಫಿ ಸೀಮೆಗೆ ಎಷ್ಟು ಮುಖ್ಯ ಅಂತ ಪಟ್ಟಣದಲ್ಲಿ ಕೂತರೆ ತಿಳಿಯುವುದಿಲ್ಲ. ಕುಯ್ಲು ಮುಗಿದರೆ ತಾಯಿ-ತಂದೆ ಇನ್ನೊಂದು ತೋಟಕ್ಕೋ, ಕೊಡಗಿಗೋ, ಊರಿಗೋ ಹೊರಡುತ್ತಾರೆ. ಮಗು ಎರಡು ತಿಂಗಳು ನಾಪತ್ತೆ. ಪಾಠದ ಪುಸ್ತಕ ಆದರೆ ತರಗತಿ ಹನ್ನೆರಡನೇ ಪಾಠಕ್ಕೆ ಹೋಗಿರುತ್ತದೆ, ವಾಪಸ್ ಬಂದ ಮಗು ಕಣ್ಣು ಕಣ್ಣು ಬಿಡುತ್ತದೆ. ಏಣಿಯಾದರೆ ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ದೇವರಮನೆ ರಸ್ತೆಯ ಆ ಹುಡುಗಿ ಕಲಿತದ್ದು ಹೀಗೆ.

ಹಾಗಂತ ನಲಿ-ಕಲಿ ಸ್ವರ್ಗವಲ್ಲ. ಕಾರ್ಡು ಹರಿದಿರುತ್ತದೆ, ಮೇಷ್ಟ್ರು ಒಬ್ಬರೇ ಇರುತ್ತಾರೆ, ಅವರಿಗೆ ಗಣತಿ ಕೆಲಸ, ಚುನಾವಣೆ ಕೆಲಸ, ಮೊಟ್ಟೆ ಲೆಕ್ಕ. ತಂದೆ-ತಾಯಿಗಳೋ, ‘ಬರೀ ಹಾಡು, ಕುಣಿತ, ಇದೆಂತ ಓದು?’ ಅಂತ ಮಗುವನ್ನು ಬಿಡಿಸಿ ಹಳದಿ ವ್ಯಾನು ಹತ್ತಿಸುತ್ತಾರೆ. ನಮ್ಮ ಹೋರಾಟಗಳ ಬೇಡಿಕೆ ಪಟ್ಟಿಯಲ್ಲಿ ‘ನಲಿ-ಕಲಿ ಕಾರ್ಡು ಪ್ರತಿ ವರ್ಷ ಹೊಸದಾಗಿ ಕೊಡಿ’ ಅನ್ನುವ ಒಂದು ಸಾಲನ್ನು ನಾನು ಯಾವತ್ತೂ ಅಚ್ಚು ಹಾಕಿಲ್ಲ. ಬೇಡಿಕೆ ಪಟ್ಟಿಗಳನ್ನು ಮಾತ್ರ ಬಹಳ ಅಚ್ಚು ಹಾಕಿದ್ದೇನೆ.

ಈಗ ಪಟ್ಟಣದ ಖಾಸಗಿ ಶಾಲೆಗಳಲ್ಲಿ ಹೊಸ ಫ್ಯಾಷನ್ನು ಒಂದಿದೆ. ತರಬೇತಿಗೆ ಬರುವ ತಜ್ಞರು ಮಕ್ಕಳನ್ನು ಮೂರು ಜಾತಿ ಮಾಡುತ್ತಾರೆ. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು, ಕೈಯಿಂದ ಕಲಿಯುವವರು. ಇದಕ್ಕೊಂದು ಪರೀಕ್ಷೆ, ಅದಕ್ಕೊಂದು ಫೀಸು. ನಮ್ಮ ದೇಶಕ್ಕೆ ಇರುವ ಜಾತಿ ಸಾಲದಾಯಿತೇ? 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಬಗ್ಗೆ ಬಂದ ಅಧ್ಯಯನಗಳನ್ನು ಜಾಲಾಡಿದರು. ಹೀಗೆ ವಿಂಗಡಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ ಬರೆದರು. ಮೊಳೆ ಜೋಡಿಸಿ ಕಲಿತೆ ಅಂತ ನಾನು ‘ಕೈ ಜಾತಿ’ಯವನಲ್ಲ. ಎಲ್ಲ ಮಕ್ಕಳಿಗೂ ಕಣ್ಣು ಬೇಕು, ಕಿವಿ ಬೇಕು, ಕೈ ಬೇಕು.

ನಿಜವಾದ ವ್ಯತ್ಯಾಸ ಇರುವುದು ಮಗು ಮನೆಯಿಂದ ಹೊತ್ತು ತರುವ ಮಾತಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೇಳಿ, ಯಾಕೆಂದರೆ ನಮ್ಮ ತೋಟಗಳಲ್ಲಿ ಇದೆಲ್ಲ ಒಂದೇ ಶಾಲೆಯಲ್ಲಿ ಸಿಗುತ್ತದೆ.

ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ-ದ, ಪ-ಬಗಳಿಗೂ ಹಾಗೆಯೇ. ಆ ಓದಿನಿಂದ ಬಂದ ಮಗು ‘ಗಾಡಿ’ಯನ್ನು ‘ಕಾಡಿ’ ಅಂತ ಬರೆದರೆ ಅದು ದಡ್ಡತನವಲ್ಲ, ಎರಡು ಸಾವಿರ ವರ್ಷದ ಇನ್ನೊಂದು ಬರಹದ ಅಭ್ಯಾಸ. ಬಂಗಾಳಿ ಮಗುವಿನ ಬಾಯಲ್ಲಿ ವ ಇಲ್ಲ, ಬ ಇದೆ. ‘ವನ’ ಅವನಿಗೆ ‘ಬನ’. (ನಮ್ಮ ಹಳೆಯ ಕವಿಗಳೂ ಬನ ಅಂದವರೇ, ಅವರಿಗೆ ಯಾರೂ ಬೆತ್ತ ತೋರಿಸಲಿಲ್ಲ.) ಅಸ್ಸಾಮಿ ಮಗುವಿಗೆ ಚ ಅನ್ನುವುದು ಸ ಆಗಿ ಬರುತ್ತದೆ. ಅದರ ಮಾತಿನಲ್ಲಿ ತ, ಟ ಬೇರೆ ಬೇರೆ ಅಲ್ಲ, ಎರಡೂ ಒಂದೇ ಕಡೆ ನಾಲಿಗೆ ತಾಗಿ ಹುಟ್ಟುತ್ತವೆ. ಅದಕ್ಕೆ ‘ತಟ್ಟೆ’ ಅನ್ನಿಸಿ ನೋಡಿ, ಎಷ್ಟು ಕಷ್ಟಪಡುತ್ತದೆ! ಹಿಂದಿ ಅಭ್ಯಾಸದ ಮಗು ‘ಮರ’ವನ್ನು ‘ಮರ್’ ಅಂತ ಕತ್ತರಿಸುತ್ತದೆ, ನಮ್ಮ ಳ ಅದರ ಬಾಯಿಗೆ ಬರುವುದೇ ಇಲ್ಲ. ಒಡಿಯಾ ಮಗು ಮಾತ್ರ ಳ ಅನ್ನುವುದನ್ನು ಬೆಲ್ಲದ ಹಾಗೆ ಅನ್ನುತ್ತದೆ, ಅವರ ಭಾಷೆಯಲ್ಲಿ ಅದು ಇದೆ. ತುಳು ಮನೆಯ ಮಗು ಕನ್ನಡ ಲಿಪಿಯನ್ನು ನೋಡುತ್ತಲೇ ಬೆಳೆದಿರುತ್ತದೆ, ಅದಕ್ಕೆ ಅಕ್ಷರದ ಭಯವಿಲ್ಲ, ನಮ್ಮ ಮಾತಿನ ಓಟ ಹಿಡಿಯಬೇಕು ಅಷ್ಟೇ.

ಇಷ್ಟೂ ಮಕ್ಕಳಿಗೆ ಒಂದೇ ಬೋರ್ಡು, ಒಂದೇ ‘ಹತ್ತು ಸಲ ಬರಿ’! ತಮಿಳು ಮಗುವಿಗೆ ಕ-ಗ ಜೋಡಿಯ ಕಾರ್ಡು ಬೇಕು. ಅಸ್ಸಾಮಿ ಮಗುವಿಗೆ ಬರವಣಿಗೆ ಆಮೇಲೆ, ಮೊದಲು ತ-ಟ ಕಿವಿಗೆ ಬೀಳಬೇಕು. ಕೇಳದ ಶಬ್ದವನ್ನು ಬರೆಯುವುದು ಹೇಗೆ? ಕನ್ನಡವೇ ಬಾರದ ಮಗುವಿಗೆ ಮೊದಲ ಎರಡು-ಮೂರು ತಿಂಗಳು ಸ್ಲೇಟೇ ಬೇಡ. ಹಾಡು, ಕತೆ, ಆಟ, ಜೊತೆಯ ಮಕ್ಕಳ ಗಲಾಟೆ. ನಮ್ಮ ಮಕ್ಕಳು ತೊಟ್ಟಿಲಲ್ಲಿ ಮಲಗಿ ಕನ್ನಡ ಕೇಳಿದ್ದು ಒಂದು ವರ್ಷ, ಆಮೇಲೆ ‘ಅಮ್ಮ’ ಅಂದದ್ದು.

ಇನ್ನು ನಿಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಕನ್ನಡದ ಮಗು, ನನ್ನ ಪ್ರೆಸ್ಸಿಗೆ ಬಂದ ಆ ಕಾಲೇಜು ಹುಡುಗನ ಹಾಗೆ. ಇವನದ್ದು ಪೂರ್ತಿ ಉಲ್ಟಾ ಕೇಸು. ಮಾತು ತಲೆಯಲ್ಲಿ ತುಂಬಿದೆ, ಅಕ್ಷರ ಇಲ್ಲ. ಇವನಿಗೆ ‘ಇದು ಮರ, ಅದು ಮನೆ’ ಕಲಿಸಿದರೆ ಆಕಳಿಸುತ್ತಾನೆ. ಇವನಿಗೆ ಸಿನಿಮಾ ಪೋಸ್ಟರು ಕೊಡಿ, ಬಸ್ಸಿನ ಬೋರ್ಡು ಓದಿಸಿ, ಕ್ರಿಕೆಟ್ ಸುದ್ದಿ ಕೊಡಿ, ಅವನ ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಹಾಕಿ ಗೆಳತಿಗೆ ಮೆಸೇಜು ಬರೆಯಲು ಹೇಳಿ. ಒತ್ತಕ್ಷರ ತಾನಾಗಿ ಬರುತ್ತದೆ. ಮುಖ ಮುಚ್ಚಿಕೊಳ್ಳಬೇಡಿ, ಈ ಪತ್ರಿಕೆ ಕೈಯಲ್ಲಿ ಹಿಡಿದವರಲ್ಲೂ ಇಷ್ಟು ಓದಲು ಅರ್ಧ ಗಂಟೆ ತೆಗೆದುಕೊಂಡವರು ಇದ್ದೀರಿ. ನಾಚಿಕೆ ನಿಮ್ಮದಲ್ಲ, ಕಲಿಸಿದವರದ್ದು.

ನಮ್ಮ ಮೂಡಿಗೆರೆಯ ತೇಜಸ್ವಿಯವರ ‘ಕರ್ವಾಲೊ’ ಓದಿದ್ದೀರಲ್ಲ? 1980ರ ಪುಸ್ತಕ. ಅದರ ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು, ಜೇನಿನ ಹಿಂದೆ ಅಲೆಯುವವನು. ಅವನಲ್ಲಿ ಹುಟ್ಟು ವಿಜ್ಞಾನಿಯನ್ನು ಕಂಡದ್ದು ಕರ್ವಾಲೊ. ತೋಟದ ಶಾಲೆಗಳಲ್ಲಿ ಎಷ್ಟು ಮಂದಣ್ಣರು ಹಿಂದಿನ ಸಾಲಿನಲ್ಲಿ ಕೂತು ‘ತಟ್ಟೆ’ ಅನ್ನಲಾಗದೆ ದಡ್ಡರಾಗಿದ್ದಾರೋ ಯಾರಿಗೆ ಗೊತ್ತು?

‘ಅವರು ಬಂದಿದ್ದಾರೆ, ಅವರೇ ಕಲಿಯಲಿ, ನಾವ್ಯಾಕೆ ಕಲಿಸಬೇಕು?’ ಅಂತ ನೀವು ಕೇಳುತ್ತೀರಿ. ನಮ್ಮ ಸಭೆಗಳಲ್ಲೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಲಕ್ಷ ಎಣಿಸುತ್ತಾ, ಹತ್ತು ವರ್ಷ ಇದ್ದೂ ‘ಕನ್ನಡ್ ಗೊತ್ತಿಲ್ಲ’ ಅನ್ನುವವನಿಗೆ ಈ ಪ್ರಶ್ನೆ ಕೇಳಿ, ಜೋರಾಗಿಯೇ ಕೇಳಿ, ನಾನೂ ದನಿಗೂಡಿಸುತ್ತೇನೆ. ಅವನಿಗೆ ದುಡ್ಡಿದೆ, ಪುರುಸೊತ್ತಿದೆ, ಪುಸ್ತಕ ಇದೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಕಲಿಕಾ ತರಗತಿಗಳಿವೆ. ಇಲ್ಲದ್ದು ಮನಸ್ಸು ಮಾತ್ರ. ಆದರೆ ಬೆಳಗ್ಗೆ ಎಂಟಕ್ಕೆ ತೋಟಕ್ಕೆ ಇಳಿದು ಸಂಜೆ ಹಣ್ಣು ತೂಕ ಹಾಕಿಸಿ ಲೈನ್ ಮನೆಗೆ ಹೋಗಿ ಒಲೆ ಹಚ್ಚುವವಳಿಗೆ? ಅವಳಿಗೂ ಇವನಿಗೂ ಒಂದೇ ಬೈಗುಳವೇ?

2011ರ ಜನಗಣತಿಯಲ್ಲಿ ಈ ರಾಜ್ಯದಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು ನೂರಕ್ಕೆ 66ರಷ್ಟು. ಮಿಕ್ಕವರು ನೂರಕ್ಕೆ 34. ಅವರನ್ನು ಓಡಿಸುವುದೂ ಆಗದು, ಅವರಿಲ್ಲದೆ ಕಾಫಿ ಕುಯ್ಯುವುದೂ ಆಗದು. ನಾವು ಕನ್ನಡದಲ್ಲಿ ಸೇರಿಸಿಕೊಳ್ಳದಿದ್ದರೆ ಅವರು, ನಾವು ಸೇರುವ ಸಂತೆಯ ಭಾಷೆ ಯಾವುದಾಗುತ್ತದೆ? ಮೂಡಿಗೆರೆ ಸಂತೆಗೆ ಬಂದು ಕೇಳಿ ನೋಡಿ, ತರಕಾರಿ ಮಾರುವ ಕನ್ನಡದ ಹೆಂಗಸೇ ‘ಬೀಸ್ ರುಪಯಾ’ ಅನ್ನುತ್ತಿದ್ದಾಳೆ.

ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಂದಾಗ ಅವನಿಗೆ ಯಾರೂ ರಸ್ತೆಯಲ್ಲಿ ನಿಲ್ಲಿಸಿ ‘ಕನ್ನಡ ಕಲಿ’ ಅಂತ ಗದರಿರಲಾರರು. ಜನ ಅವನ ಜೊತೆ ಮಾತಾಡಿದರು, ಪಂಡಿತರು ಕೂತು ಹೇಳಿಕೊಟ್ಟರು. 1894ರಲ್ಲಿ ಅವನು ನಮಗೆ ನಿಘಂಟು ಕೊಟ್ಟ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅದು ಅಚ್ಚಾಯಿತು. ಅಷ್ಟು ಮೊಳೆಗಳನ್ನು ಕೈಯಲ್ಲೇ ಜೋಡಿಸಿದವರನ್ನು ನೆನೆದರೆ ನನಗೆ ಈಗಲೂ ಬೆನ್ನು ನೋಯುತ್ತದೆ.

ಈಗ ಕೆಲಸದ ಮಾತು. ಎಸ್ಟೇಟಿನ ರೈಟರುಗಳ ಜೊತೆ, ಇಬ್ಬರು ಶಾಲಾ ಶಿಕ್ಷಕರ ಜೊತೆ ಕೂತು ಒಂದು ಕಾರ್ಡಿನ ಕಟ್ಟು ತಯಾರು ಮಾಡುತ್ತಿದ್ದೇನೆ. ದೊಡ್ಡವರಿಗೆ ಇಪ್ಪತ್ತು ಕಾರ್ಡು, ವರ್ಣಮಾಲೆ ಇಲ್ಲ. ಕೂಲಿ ಎಷ್ಟು ಬರಬೇಕು, ಮಗುವಿಗೆ ಜ್ವರ, ಆಸ್ಪತ್ರೆ ಎಲ್ಲಿ, ತೂಕ ಸರಿ ಇಲ್ಲ, ನನ್ನ ಹೆಸರು ಬರೆಯಿರಿ. ಎಲ್ಲವೂ ‘ಕೊಡಿ, ಬನ್ನಿ’ಯ ಕನ್ನಡದಲ್ಲಿ, ನಾವು ಆಡುವ ಹಾಗೆ, ಪುಸ್ತಕದ ‘ಬರುತ್ತಾರೆ’ ಬಿಟ್ಟು ಬಾಯಿಯ ‘ಬರ್ತಾರೆ’. ಮಕ್ಕಳಿಗೆ ಬೇರೆ ಕಟ್ಟು, ಕ-ಗ, ತ-ಟ, ಲ-ಳ ಜೋಡಿಗಳು, ಚಿತ್ರದ ಸಮೇತ. ಬೆಂಗಳೂರಿನ ನಿಮ್ಮ ತಮ್ಮ-ತಂಗಿಯರಿಗೆ ಇನ್ನೊಂದು, ಅದರಲ್ಲಿ ಬರೀ ಬೋರ್ಡು, ಪೋಸ್ಟರು, ಒತ್ತಕ್ಷರ.

ಅಚ್ಚಿನ ಕೂಲಿ ನಾನು ಕೇಳುವುದಿಲ್ಲ. ಕಾಗದದ ದುಡ್ಡು ಸಂಘಟನೆಗಳು ಕೊಡಲಿ, ಒಂದು ರಾಜ್ಯೋತ್ಸವದ ಕಟೌಟಿನ ಖರ್ಚಿನಲ್ಲಿ ಮೂಡಿಗೆರೆ, ಕಳಸ ಎರಡೂ ತಾಲ್ಲೂಕಿನ ಲೈನ್ ಮನೆಗಳಿಗೆ ಸಾಕಾಗುತ್ತದೆ. ಮುಂದಿನ ಸಲ ದೇವರಮನೆಗೆ ಬರುವವರು ಭಾನುವಾರ ಮಧ್ಯಾಹ್ನ ಎರಡು ಗಂಟೆ ಉಳಿಸಿಕೊಂಡು ಬನ್ನಿ. ಅವತ್ತು ತೋಟಕ್ಕೆ ರಜೆ, ಲೈನ್ ಮನೆಯ ಅಂಗಳದಲ್ಲಿ ಜನ ಸಿಗುತ್ತಾರೆ. ಕಾರ್ಡಿನ ಕಟ್ಟು ಮೂಡಿಗೆರೆಯ ನನ್ನ ಪ್ರೆಸ್ಸಿನಲ್ಲಿ ಇರುತ್ತದೆ. ಆ ಹುಡುಗಿಯ ತಾಯಿ ಮೊದಲ ಐದು ಕಾರ್ಡು ಮುಗಿಸಿದ್ದಾಳೆ. ಹೋದ ವಾರ ಅಂಗಡಿಯಲ್ಲಿ ‘ಅಕ್ಕಿ ಕೊಡಿ’ ಅಂದಳಂತೆ, ಅಂಗಡಿಯವರು ಒಂದು ಸಲ ತಲೆ ಎತ್ತಿ ನೋಡಿ, ‘ಎಷ್ಟು ಬೇಕಮ್ಮ?’ ಅಂದರಂತೆ. ಎಷ್ಟು ಅನ್ನುವುದು ಆರನೇ ಕಾರ್ಡಿನಲ್ಲಿದೆ.

ಜೈ ಕರ್ನಾಟಕ.